ಬಾಯಿಪಾಠದ ವಿಳಾಸ

ಮಾಂಗೆರೆ, ಆಕ್ಲೆಂಡ್
7 ಮಾರ್ಚ್ 2004

ಅಮ್ಮಾ,

ನೀನು ಕಳಿಸಿದ ಚಾಪೆಯೂ ಕೋಕೋ ಉಂಡೆಯೂ ತಲುಪಿದವು. ಪಾದ್ರಿಯವರ ತಂಗಿ ಚಾಪೆಯನ್ನು ವಿಮಾನದಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದಳಂತೆ. ಅಪೆಲು ಮೊದಲ ಲೋಟ ಕುಡಿದು, "ಅತ್ತೆಗೆ ನನ್ನ ಮೇಲಿನ ಸಿಟ್ಟು ಇಳೀತು ಅಂತಾಯ್ತು" ಎಂದ. ಹತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ.

ಅಂಗಡಿಯ ಫೋನಿಗೆ ಮಾಡದೆ ಬರೆಯುತ್ತಿದ್ದೇನೆ. ಅಲ್ಲಿ ನೀನು ಫೋನು ಹಿಡಿದರೆ ಸಕ್ಕರೆಗೆ ಬಂದವರೆಲ್ಲ ಸಕ್ಕರೆ ಮರೆತು ನಿಲ್ಲುತ್ತಾರೆ. ಈ ವಿಷಯ ಹಾಗೆ ಹತ್ತು ಜನರ ನಡುವೆ ಆಡುವಂಥದ್ದಲ್ಲ.

ಜೂನ್‌ನಲ್ಲಿ ಮಾಸಿನಾಗೆ ಐದು ತುಂಬುತ್ತದೆ. ಇಲ್ಲಿ ಐದು ತುಂಬಿದ ಕೂಡಲೇ ಶಾಲೆ. ನಮ್ಮ ಬೀದಿಯ ಶಾಲೆ ಎರಡು ತಿರುವು ದಾಟಿದರೆ ಸಿಗುತ್ತದೆ. ನಮ್ಮ ಚರ್ಚಿನ ಮಕ್ಕಳೆಲ್ಲ ಅಲ್ಲಿಗೇ ಹೋಗುವುದು. ನಮ್ಮ ಪಕ್ಕದ ಮನೆಯ ವಾಸಾ ಅಲ್ಲಿ ಟೀಚರು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳೂ ಅವಳೇ. ಬೇಲಿಯ ಮೇಲಿಂದ ಮಾಸಿನಾಗೆ ಆಗಲೇ ಅಕ್ಷರ ಕಲಿಸಲು ಶುರುಮಾಡಿದ್ದಾಳೆ. ನಾನೂ ಬೇರೆ ಯೋಚನೆ ಮಾಡಿರಲಿಲ್ಲ.

ಆದರೆ ವಿಮಾನಗಳಿಗೆ ಊಟದ ತಟ್ಟೆ ತುಂಬುವ ನಮ್ಮ ಅಡುಗೆಮನೆಯಲ್ಲಿ ಚಹಾದ ಹೊತ್ತಿಗೆ ಬೇರೆ ಮಾತೇ ಇಲ್ಲ. ಯಾವ ಬಡಾವಣೆ, ಯಾವ ಶಾಲೆ, ಎಷ್ಟನೇ ಅಂಕಿ. ಫಿಜಿಯಿಂದ ಬಂದ ಕಮ್ಲಾ ಅಂತ ಒಬ್ಬಳಿದ್ದಾಳೆ. ಅವಳು ಕೇಳಿದಳು, "ನಿನ್ನ ಮಗಳು ಯಾವ ಶಾಲೆಗೆ?"

"ನಮ್ಮ ಬೀದೀದಕ್ಕೆ."

"ಅದು ಎಷ್ಟು?"

"ಎಷ್ಟು ಅಂದ್ರೆ?"

"ಅಯ್ಯೋ, ಇವಳಿಗೆ ಅಂಕೀನೇ ಗೊತ್ತಿಲ್ಲ ನೋಡ್ರೇ. ಸರ್ಕಾರ ಪ್ರತಿ ಶಾಲೆಗೂ ಒಂದರಿಂದ ಹತ್ತರ ತನಕ ಅಂಕಿ ಕೊಡುತ್ತೆ ಕಣೇ. ಹತ್ತು ಅಂದ್ರೆ ಮೇಲಿಂದು. ನಿಮ್ಮದು ಒಂದು."

ಟೋಂಗಾದ ವಿಕಾ ತಲೆಯ ಬಲೆ ಸರಿಮಾಡಿಕೊಳ್ಳುತ್ತ, "ನಮ್ದೂ ಒಂದೇ. ಒಂದು ಅಂದ್ರೆ ಫಸ್ಟು ಅಂದ್ಕೊಂಡು ಎರಡು ವರ್ಷ ಎದೆ ಉಬ್ಬಿಸ್ಕೊಂಡು ಓಡಾಡಿದೀನಿ ನಾನು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಬ್ರೆಡ್ಡು ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು.

ರಜೆಯ ದಿನ ಬಸ್ಸು ಹತ್ತಿ ಹೋಗಿ ಹೆದ್ದಾರಿಯ ಪಕ್ಕದ ಶಾಲೆ ನೋಡಿದೆ, ಅದಕ್ಕೆ ನಾಲ್ಕು. ಆಮೇಲೆ ಸಲೋಮೆ ಅಕ್ಕನ ಮನೆ ಕಡೆ ಹೋಗಿ ಗುಡ್ಡದ ಮೇಲಿನ ಶಾಲೆ ನೋಡಿದೆ, ಅದಕ್ಕೆ ಒಂಬತ್ತು. ಮೂರೂ ಸರ್ಕಾರದವೇ, ಮೂರರಲ್ಲೂ ಅದೇ ಪಾಠವಂತೆ. ಆದರೆ ಗುಡ್ಡದ ಶಾಲೆಯಲ್ಲಿ ಒಬ್ಬ ಹುಡುಗಿ ಕಿಟಕಿಯ ಹತ್ತಿರ ಕೂತು ಪಿಯಾನೋ ಬಾರಿಸುತ್ತಿದ್ದಳು. ಹೊರಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಅವಳಿಗೂ ಯಾರಾದರೂ ಕೇಳಲಿ ಎಂದಿರಲಿಲ್ಲ. ಪಿಯಾನೋ ಅಂದರೆ ಅಲ್ಲಿ ಬಾಗಿಲಿದ್ದ ಹಾಗೆ, ಕುರ್ಚಿಯಿದ್ದ ಹಾಗೆ. ನಾನು ಬೇಲಿಯ ಹೊರಗೆ ನಿಂತೇ ಬಂದೆ.

ಆ ಶಾಲೆಗೆ ಸುತ್ತಲಿನ ಬೀದಿಗಳ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಸಲೋಮೆಯ ಮನೆ ಆ ಬೀದಿಗಳೊಳಗೇ ಬರುತ್ತದೆ. ಸುಮ್ಮನೆ ಹೇಳಿದೆ ಅಷ್ಟೆ.

ನಿನ್ನ ಮಗಳು,
ಲೇಯಾತಾ

*

ಸವಾಯಿ ದ್ವೀಪ
2 ಏಪ್ರಿಲ್ 2004

ಲೇಯಾತಾ,

ನಿನ್ನ ಕಾಗದ ಓದಿದೆ. ಈ ಸಲ ಪಾದ್ರಿಯ ಹೆಂಡತಿಯ ಕೈಲಿ ಓದಿಸಲಿಲ್ಲ, ಕನ್ನಡಕ ಹುಡುಕಿ ನಾನೇ ಓದಿದೆ.

ನಮ್ಮೂರ ಶಾಲೆಗೆ ಎಷ್ಟು ಅಂಕಿ ಇತ್ತೋ ನನಗೆ ತಿಳಿಯದು. ಹಂದಿ ಒಳಗೆ ಬಂದರೆ ಪಾಠ ನಿಲ್ಲುತ್ತಿತ್ತು, ಓಡಿಸಿದರೆ ಶುರುವಾಗುತ್ತಿತ್ತು. ನಿನ್ನನ್ನು ಆರನೇ ತರಗತಿಗೆ ಬಿಡಿಸಿದ್ದು ನಾನು, ಶಾಲೆಯಲ್ಲ. ನಿನ್ನ ಅಪ್ಪ ಹಾಸಿಗೆ ಹಿಡಿದಿದ್ದ. ಅದು ಇಬ್ಬರಿಗೂ ಗೊತ್ತಿರುವುದೇ.

"ಸುಮ್ಮನೆ ಹೇಳಿದೆ" ಎಂದು ಬರೆದಿದ್ದೀಯ. ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಯ ಹತ್ತಿರ ನಿಂತಾಗಲೂ ಹಾಗೇ ಹೇಳುತ್ತಿದ್ದೆ.

ವಾಸಾ ಏನಂದಳು?

ಅಮ್ಮ

*

ಮಾಂಗೆರೆ
20 ಜೂನ್ 2004

ಅಮ್ಮಾ,

ತಡವಾಯಿತು, ಸಿಟ್ಟಾಗಬೇಡ. ಮಾಸಿನಾ ಶಾಲೆಗೆ ಸೇರಿದಳು. ಗುಡ್ಡದ ಶಾಲೆಗೆ.

ಸಲೋಮೆಯ ಹೆಸರಿನ ಕರೆಂಟ್ ಬಿಲ್ಲು ತೋರಿಸಿದೆವು. ನಾವೆಲ್ಲ ಅಲ್ಲೇ ಅವಳ ಜೊತೆ ಇದ್ದೇವೆ ಎಂದೆವು. ಎರಡು ಕೋಣೆಯ ಮನೆ ಅದು, ದಂತವೈದ್ಯರ ಹಿತ್ತಲಿನಲ್ಲಿ. ಇಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ. ಕಮ್ಲಾ ಇನ್ಯಾರದೋ ಗ್ಯಾರೇಜಿನ ವಿಳಾಸ ಕೊಟ್ಟು ಇಬ್ಬರನ್ನು ಓದಿಸುತ್ತಿದ್ದಾಳೆ. "ಗ್ಯಾರೇಜಲ್ಲಿ ಕಾರು ಇರಲ್ಲ, ನಾವೂ ಇರಲ್ಲ. ಇಬ್ಬರಿಗೂ ನ್ಯಾಯ" ಎನ್ನುತ್ತಾಳೆ.

ಮಗು ಎಲ್ಲಾದರೂ ಬಾಯಿ ಬಿಟ್ಟರೆ ಎಂಬ ಭಯ ನನಗೆ. ಅದಕ್ಕೆ ಬಿಳಿ ಭಾನುವಾರದ ಹಬ್ಬದಲ್ಲಿ ಚರ್ಚಿನಲ್ಲಿ ನಿಂತು ಹೇಳಲು ಮಕ್ಕಳಿಗೆ ತೌಲೋತೋ ಸಾಲು ಬಾಯಿಪಾಠ ಮಾಡಿಸುತ್ತೇವಲ್ಲ, ನೀನು ನನಗೂ ಸಲೋಮೆಗೂ ಬೆರಳಿನಿಂದ ಚಾಪೆ ತಟ್ಟುತ್ತ ಬೈಬಲ್ ಸಾಲು ಕಲಿಸುತ್ತಿದ್ದೆಯಲ್ಲ, ಹಾಗೆಯೇ ಕಲಿಸಿದೆ. ಪ್ರಾರ್ಥನೆಯಾದ ಮೇಲೆ, ಅದೇ ರಾಗದಲ್ಲಿ, ಅದೇ ತಾಳಕ್ಕೆ. "ನನ್ನ ಹೆಸರು ಮಾಸಿನಾ. ನಾನು ಇರುವುದು ವಿನ್‌ಡಮ್ ರಸ್ತೆ, ಹದಿನಾಲ್ಕನೇ ಮನೆ, ಹಿತ್ತಲ ಕಡೆ." ಎರಡು ವಾರದಲ್ಲಿ ಬಂದುಬಿಟ್ಟಿತು. ಕಚೇರಿಯ ಹೆಂಗಸು ಬಗ್ಗಿ, "ಎಲ್ಲಿರ್ತೀಯಾ ಪುಟ್ಟಿ?" ಎಂದಾಗ ಒಂದಕ್ಷರ ತಪ್ಪದೆ ಹೇಳಿದಳು. ಆ ಹೆಂಗಸು, "ಎಷ್ಟು ಚುರುಕು" ಎಂದಳು. ಆಗ ನನಗೆ ಹೆಮ್ಮೆಯಾಯಿತು. ಬಸ್ಸಿನಲ್ಲಿ ಕೂತ ಮೇಲೆ ಕಿವಿ ಬಿಸಿಯಾಯಿತು.

ಅಪೆಲು ಕೆಲಸಕ್ಕೆ ಹೋಗುವಾಗ ಅವಳನ್ನು ಬಿಡುತ್ತಾನೆ. ಅವನ ವ್ಯಾನಿನ ಮೇಲೆ ಮಾಂಗೆರೆಯ ಹೆಸರು ದೊಡ್ಡದಾಗಿ ಬರೆದಿದೆ. ಅದಕ್ಕೆ ಮೂಲೆಯಾಚೆ ನಿಲ್ಲಿಸು, ಗೇಟಿನವರೆಗೆ ಬರಬೇಡ ಎಂದು ಹೇಳಿದ್ದೇನೆ. ಅವನು ಏನೂ ಅನ್ನಲಿಲ್ಲ.

ವಾಸಾಳ ವಿಷಯ ನೀನು ಕೇಳಿದ್ದೆಯಲ್ಲ. ಹುಟ್ಟುಹಬ್ಬಕ್ಕೆ ತೆಂಗಿನಹಾಲಿನ ಬನ್ನು ಮಾಡಿಕೊಂಡು ಬಂದಿದ್ದಳು. "ಸೋಮವಾರ ಬರ್ತಾಳಲ್ಲ? ಕಿಟಕಿ ಪಕ್ಕದ ಜಾಗ ಇಟ್ಟಿದೀನಿ" ಎಂದಳು. ನಾವು ಸಲೋಮೆಯ ಕಡೆಗೆ ಮನೆ ಬದಲಿಸುವವರಿದ್ದೇವೆ ಎಂದೆ. "ಹೌದಾ" ಎಂದಳು. ತಟ್ಟೆ ವಾಪಸು ಒಯ್ಯಲಿಲ್ಲ. ಅದು ಇನ್ನೂ ನಮ್ಮ ಮನೆಯಲ್ಲೇ ಇದೆ.

ನನ್ನ ಮಗಳು ತಲೆಗೆ ಬಲೆ ಕಟ್ಟಿಕೊಂಡು ಇನ್ನೊಬ್ಬರ ಊಟಕ್ಕೆ ಬ್ರೆಡ್ಡು ಎಣಿಸುವುದು ಬೇಡ ಅಮ್ಮ. ಅಷ್ಟೇ ನನ್ನ ಆಸೆ.

ಲೇಯಾತಾ

*

ವಿನ್‌ಡಮ್ ರಸ್ತೆ
15 ಆಗಸ್ಟ್ 2004

ಅಮ್ಮನಿಗೆ ಸಲೋಮೆ ಮಾಡುವ ವಂದನೆಗಳು.

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ಖುಷಿಯಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮಾಸಿನಾ ಈಗ ನನ್ನ ಮನೆಯಲ್ಲೇ ಇದ್ದಾಳೆ. ಶುಕ್ರವಾರ ಸಂಜೆ ಅವರು ಕರೆದುಕೊಂಡು ಹೋಗುತ್ತಾರೆ, ಭಾನುವಾರ ಚರ್ಚು ಮುಗಿದ ಮೇಲೆ ತಂದು ಬಿಡುತ್ತಾರೆ. ಅನುಮಾನ ಬಂದವರ ಮನೆಗೆ ಶಾಲೆಯವರು ಬಂದು ನೋಡುತ್ತಾರೆಂದು ಸುದ್ದಿಯಾಯಿತು. ಲೇಯಾತಾ ಹೆದರಿ ಓಡಿ ಬಂದಳು. "ಅಕ್ಕಾ, ಇಲ್ಲೇ ಮಲಗಿಸ್ಕೊಂಡ್ರೆ ಸುಳ್ಳು ಅಂತಾಗಲ್ಲ ಅಲ್ವಾ?" ಎಂದಳು. ನಾನು ಬೇಡ ಎನ್ನಲು ಯಾರು? ನನ್ನ ಮನೆಯಲ್ಲಿ ಇಷ್ಟು ವರ್ಷ ಒಂದು ಸಣ್ಣ ಚಪ್ಪಲಿ ಇರಲಿಲ್ಲ.

ಕಿಟಕಿಯ ಕೆಳಗೆ ಅವಳಿಗೊಂದು ಪುಟ್ಟ ಮಂಚ ಹಾಕಿದ್ದೇನೆ. ನಾನು ಕಸೂತಿ ಹಾಕಿದ ದಿಂಬು. ಬೆಳಿಗ್ಗೆ ಎದ್ದ ತಕ್ಷಣ ಕೈ ಚಾಚಿ ಗೋಡೆ ಮುಟ್ಟಿ ನೋಡುತ್ತಾಳೆ, ಯಾವ ಮನೆ ಎಂದು ತಿಳಿಯಲು. ಆಮೇಲೆ ಕಣ್ಣು ಬಿಡುತ್ತಾಳೆ. ಎರಡು ಹಾಡು ಪಿಯಾನೋ ಕಲಿತಿದ್ದಾಳೆ, ಊಟದ ಮೇಜಿನ ಮೇಲೆ ಬಾರಿಸಿ ತೋರಿಸುತ್ತಾಳೆ.

ಇದನ್ನೆಲ್ಲ ಲೇಯಾತಾ ನಿನಗೆ ಬರೆದಿರುತ್ತಾಳೆ. ಬರೆದಿಲ್ಲವಾದರೆ ನಾನು ಹೇಳಿದೆ ಎನ್ನಬೇಡ.

ಸಲೋಮೆ

*

ಸವಾಯಿ
9 ಸೆಪ್ಟೆಂಬರ್ 2004

ಲೇಯಾತಾ,

ನೀನು ಬರೆಯಲಿಲ್ಲ. ಬೇರೆ ಕಡೆಯಿಂದ ಗೊತ್ತಾಯಿತು. ಯಾರು ಎಂದು ಕೇಳಬೇಡ.

ಮಗುವನ್ನು ಅಕ್ಕನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನನ್ನನ್ನೂ ಕೊಟ್ಟಿದ್ದರು, ಮಕ್ಕಳಿಲ್ಲದ ಸೋದರತ್ತೆಗೆ. ಸಂಜೆ ಪ್ರಾರ್ಥನೆಯಾದ ಮೇಲೆ ಅಪ್ಪ ಎಲ್ಲರ ಮುಂದೆ ಹೇಳಿದ, ಇವಳು ಇವತ್ತಿನಿಂದ ಅತ್ತೆಯ ಮಗಳು ಎಂದು. ಅತ್ತೆ ಎದ್ದು ಬಂದು ನನ್ನ ಕೈ ಹಿಡಿದಳು. ನನಗೆ ಅಳು ಬಂತು, ಆದರೆ ನಾನು ಯಾವ ಮನೆಯವಳೆಂದು ನನಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ನೀನು ಕೊಟ್ಟೂ ಇಲ್ಲ, ಇಟ್ಟುಕೊಂಡೂ ಇಲ್ಲ. ಅಕ್ಕನ ಮನೆಯಲ್ಲಿ ಮಗುವನ್ನು ಬಚ್ಚಿಟ್ಟಿದ್ದೀಯ. ಸಲೋಮೆ ಮಂಚ ಹಾಕಿದ್ದಾಳೆಂದರೆ ಅವಳು ಏನೆಂದುಕೊಂಡಿದ್ದಾಳೆ, ಕೇಳಿದ್ದೀಯಾ? ಕೊಡುವುದಾದರೆ ಬಾಯಿ ಬಿಟ್ಟು ಕೊಡು. ಇಲ್ಲವಾದರೆ ಮನೆಗೆ ಕರೆದುಕೊಂಡು ಬಾ. ಎರಡರಲ್ಲಿ ಯಾವುದಕ್ಕೂ ನಾನು ಬೈಯುವುದಿಲ್ಲ.

ಬಿಳಿ ಭಾನುವಾರಕ್ಕೆ ಮಾಸಿನಾಗೆ ಲೇಸು ಕಳಿಸಿದ್ದೇನೆ. ಅಂಗಿಗೆ ಹಚ್ಚಿಸು.

ಅಮ್ಮ

*

ಮಾಂಗೆರೆ
13 ಅಕ್ಟೋಬರ್ 2004

ಅಮ್ಮಾ,

ಮಂಚದ ಮಾತು ನೀನು ಬರೆದಾಗಲೇ ಯಾರು ಹೇಳಿದ್ದೆಂದು ತಿಳಿಯಿತು. ಅವಳ ಮೇಲೆ ನನಗೆ ಕೋಪವಿಲ್ಲ. ನಿನ್ನ ಕಾಗದ ಬಂದು ಎರಡು ವಾರವಾಗಿತ್ತು, ಬಿಳಿ ಭಾನುವಾರ ಕಳೆಯಲಿ ಆಮೇಲೆ ನೋಡೋಣ ಎಂದುಕೊಂಡಿದ್ದೆ. ಅದು ಕಳೆಯಿತು.

ನಿನ್ನ ಲೇಸು ಹಚ್ಚಿದ ಅಂಗಿಯಲ್ಲಿ ಮಾಸಿನಾ ತುಂಬ ಚೆನ್ನಾಗಿ ಕಾಣುತ್ತಿದ್ದಳು. ವಾಸಾ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದಳು, ಮಾಸಿನಾ ಮೂರನೆಯವಳು. ವಾರದ ದಿನ ಅಲ್ಲಿರುತ್ತಾಳಲ್ಲ, ಅವಳ ಬೈಬಲ್ ಸಾಲುಗಳನ್ನು ಶನಿವಾರ ಮಾತ್ರ ಹೇಳಿಸಲು ಆಗುತ್ತಿತ್ತು. ಇನ್ನೊಂದನ್ನು ಮಾತ್ರ ನಾನು ಒಂದು ದಿನವೂ ಬಿಟ್ಟಿರಲಿಲ್ಲ. ಫೋನಿನಲ್ಲಾದರೂ ಹೇಳಿಸುತ್ತಿದ್ದೆ.

ಅವಳ ಸರದಿ ಬಂತು. ಮೈಕಿನ ಮುಂದೆ ನಿಂತು ಕೈ ಕಟ್ಟಿಕೊಂಡಳು. ಬಾಯಿ ತೆರೆದಳು, ಏನೂ ಬರಲಿಲ್ಲ. ನನ್ನನ್ನು ಹುಡುಕಿದಳು. ನಾನು ಮೂರನೇ ಸಾಲಿನಲ್ಲಿ ಕೂತು, ದೇವರೇ, ಗೊತ್ತಿಲ್ಲದೆ ಬೆರಳಿನಿಂದ ಮಂಡಿ ತಟ್ಟತೊಡಗಿದೆ. ಆ ತಾಳ ಕಂಡ ಕೂಡಲೇ ಅವಳ ಮುಖ ಅರಳಿತು. ಚರ್ಚಿಗೆಲ್ಲ ಕೇಳುವ ಹಾಗೆ ಹೇಳಿದಳು.

"ನನ್ನ ಹೆಸರು ಮಾಸಿನಾ. ನಾನು ಇರುವುದು ವಿನ್‌ಡಮ್ ರಸ್ತೆ, ಹದಿನಾಲ್ಕನೇ ಮನೆ, ಹಿತ್ತಲ ಕಡೆ. ಆಮೆನ್."

ನಮ್ಮ ಮನೆ ಚರ್ಚಿನ ಎದುರಿಗೇ ಇದೆ ಅಮ್ಮ. ಬಾಗಿಲು ತೆರೆದಿದ್ದರೆ ಪೀಠದಿಂದ ನಮ್ಮ ನೀಲಿ ಬೇಲಿ ಕಾಣುತ್ತದೆ. ಅವತ್ತು ತೆರೆದಿತ್ತು.

ಮೊದಲು ನಗು ಎದ್ದಿತು. ಹಿಂದಿನಿಂದ ಮುದುಕ ಸಿಯೋನೆ, "ಹಂಗಾದ್ರೆ ಶನಿವಾರ ಶನಿವಾರ ನನ್ನ ಕೋಳಿ ಓಡಿಸೋ ಹುಡುಗಿ ಯಾರಪ್ಪಾ?" ಎಂದ. ಇನ್ನೂ ಜೋರಾಗಿ ನಕ್ಕರು. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂದ ಹಾಗೆ ನಗು ಕಡಿಮೆಯಾಯಿತು. ಆ ನಗು ನಿಂತಿದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ನಮ್ಮ ಬೀದಿಯ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರೇ ಸುತ್ತ ಕೂತಿದ್ದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ತಮ್ಮ ಬೀಸಣಿಗೆಗಳನ್ನು ನೋಡಿಕೊಳ್ಳುತ್ತಿದ್ದರು. ಅಪೆಲು ಎದ್ದು ಹೊರಗೆ ಹೋದ. ಸಲೋಮೆ ನನ್ನ ಪಕ್ಕದಲ್ಲೇ ಇದ್ದಳು, ಅವಳ ಕಣ್ಣು ಮಗುವಿನ ಮೇಲಿತ್ತು. ಅವಳು ಒಬ್ಬಳೇ ಖುಷಿಯಾಗಿದ್ದಳೆಂದು ಕಾಣುತ್ತದೆ. ಅದನ್ನೂ ನೋಡಿದೆ.

ಮಾಸಿನಾ ಅಳುವ ಮುಂಚೆ ವಾಸಾ ಹೋಗಿ ಅವಳ ಮುಂದೆ ಮಂಡಿಯೂರಿದಳು. ಬೈಬಲ್ ಸಾಲಿನ ಮೊದಲ ಮಾತನ್ನು ತುಟಿಯಲ್ಲೇ ಹೇಳಿಕೊಟ್ಟಳು. ಮಗು ಹಿಡಿದುಕೊಂಡಿತು, ಕೊನೆಯವರೆಗೂ ಹೇಳಿತು. ತನ್ನ ಶಾಲೆ ಬೇಡವೆಂದವಳ ಮಗಳಿಗೆ, ಒಂದೊಂದೇ ಮಾತು.

ಆಮೇಲೆ ಊಟ. ಅವತ್ತು ಮಕ್ಕಳು ಮೊದಲು ಕೂರುತ್ತಾರೆ, ದೊಡ್ಡವರು ಬಡಿಸುತ್ತೇವಲ್ಲ. ನಾನು ಕೋಳಿ, ಕೆಸುವಿನ ಗೆಡ್ಡೆ ಹಾಕಿದ ತಟ್ಟೆ ಹಿಡಿದು ಮಾಸಿನಾಳ ಮುಂದೆ ಬಗ್ಗಿದೆ. ಅವಳು ನನ್ನ ಕಿವಿಗೆ ಬಾಯಿಟ್ಟು, "ಅಮ್ಮ, ಸರಿಯಾಗೇ ಹೇಳಿದ್ನಲ್ಲ? ಯಾಕೆ ನಕ್ರು? ಯಾರ ಮುಂದೆ ಆದ್ರೂ ಇದನ್ನೇ ಹೇಳು ಅಂದಿದ್ಯಲ್ಲ" ಎಂದಳು.

ಹೌದು, ಸರಿಯಾಗಿ ಹೇಳಿದೆ ಎಂದೆ.

ಪಾತ್ರೆ ತೊಳೆಯುವಾಗ ವಾಸಾ ಪಕ್ಕಕ್ಕೆ ಬಂದು ನಿಂತಳು. ನಾನು, "ನಿನ್ನ ತಟ್ಟೆ ನಮ್ಮನೇಲೇ ಉಳಿದಿದೆ" ಎಂದೆ. ಬಾಯಿಗೆ ಬಂದಿದ್ದು ಅದೊಂದೇ.

"ಇರಲಿ ಬಿಡು. ನಾನೇನು ಊಟ ಬಿಟ್ಟು ಕೂತಿಲ್ಲ" ಎಂದಳು. ಇನ್ನೊಂದು ಪಾತ್ರೆ ಒರೆಸುತ್ತ, "ಅಂಕಿ ನೋಡಿ ಹೆದರಿದ್ಯಾ?" ಎಂದಳು.

"ಒಂದು ಅಂತಾರಲ್ಲ."

"ಅದು ಪಾಠಕ್ಕೆ ಕೊಟ್ಟ ಅಂಕಿ ಅಲ್ಲ ಲೇಯಾತಾ. ಈ ಬೀದಿಗಳ ಜನರ ಸಂಬಳ ಎಷ್ಟು, ಏನು ಕೆಲಸ, ಒಂದು ಮನೇಲಿ ಎಷ್ಟು ಜನ ಮಲಗ್ತಾರೆ, ಅದನ್ನ ನೋಡಿ ಹಾಕೋದು. ಬಡವರು ಜಾಸ್ತಿ ಇದ್ರೆ ಒಂದು. ಶಾಲೆಗೆ ದುಡ್ಡು ಜಾಸ್ತಿ ಕೊಡಬೇಕಲ್ಲ, ಅದಕ್ಕೆ."

ಹಾಗಾದರೆ ಆ ಒಂದು ನಾನು, ಅಮ್ಮ. ನಾನು, ಅಪೆಲು, ವ್ಯಾನು, ಮುಂದಿನ ಕೋಣೆಯಲ್ಲಿ ಮಲಗುವ ಅವನ ತಮ್ಮಂದಿರು. ನಾನು ಅಷ್ಟು ದೂರ ಓಡಿದ್ದು ನಮ್ಮಿಂದಲೇ. ಮಗುವಿಗೂ ಅದನ್ನೇ ಕಲಿಸಿದ್ದೇನೆ, ಬೆರಳು ತಟ್ಟಿ ತಟ್ಟಿ.

ಈ ಕಾಗದವನ್ನು ನೀನೇ ಓದು.

ಲೇಯಾತಾ

*

ಮಾಂಗೆರೆ
21 ನವೆಂಬರ್ 2004

ಅಮ್ಮಾ,

ನೀನು ಉತ್ತರ ಬರೆಯಲಿಲ್ಲ. ಯಾಕೆಂದು ಗೊತ್ತು. ಎರಡರಲ್ಲಿ ಒಂದು ಎಂದು ಮೊದಲೇ ಹೇಳಿದ್ದೆಯಲ್ಲ.

ಮಾಸಿನಾಳನ್ನು ಮನೆಗೆ ಕರೆದುಕೊಂಡು ಬಂದೆವು. ಇದು ಸರಿಯೆಂದು ನಾನು ನಿನಗೆ ಹೇಳುತ್ತಿಲ್ಲ. ಒಂದು ರಾತ್ರಿ ಅಪೆಲು ಹೇಳಿದ್ದರಿಂದ ಹೀಗಾಯಿತು. ಅವತ್ತು ಬೆಳಿಗ್ಗೆ ಸಲೋಮೆಯ ಮನೆಯಿಂದ ಅವಳನ್ನು ವ್ಯಾನಿನಲ್ಲಿ ಕರೆದೊಯ್ದು ಗೇಟಿನವರೆಗೆ ಬಿಡಲು ಹೊರಟನಂತೆ, ಮಳೆ ಇತ್ತು. ಅವಳು, "ಅಪ್ಪ, ನೀನು ಇಲ್ಲೇ ನಿಲ್ಲಬೇಕು, ನಿನ್ನನ್ನ ಯಾರೂ ನೋಡಬಾರದು" ಎಂದಳಂತೆ. ಒಳ್ಳೆಯ ಮಾತಿನಲ್ಲೇ, ಅವನಿಗೆ ನೆನಪು ಮಾಡುವ ಹಾಗೆ. ಅವನು ಮೂಲೆಯಲ್ಲೇ ನಿಂತು ಅವಳು ನೆನೆಯುತ್ತ ಹೋಗುವುದನ್ನು ನೋಡಿದನಂತೆ. ಜೂನ್‌ನಿಂದ ಏನೂ ಅನ್ನದವನು ಅವತ್ತು, "ಇನ್ನೂ ಐದು ವರ್ಷ ಕಣೇ ಅವಳಿಗೆ. ಇಷ್ಟು ಬೇಗ ಕಲಿಬಾರದಿತ್ತು" ಎಂದ.

ಗುಡ್ಡದ ಶಾಲೆಗೆ ಹೋಗಿ ನಿಜ ಹೇಳಿದೆ. ಅದೇ ಹೆಂಗಸು. ಬೈಯುತ್ತಾಳೆಂದು ಕಾದೆ. ಅವಳು, "ಚೆನ್ನಾಗಿ ಓದೋ ಮಗು" ಎಂದಳು ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು.

ಸಲೋಮೆ ಬೈದಳು. ಅವಳ ಮನೆಗೆ ನಾನೊಬ್ಬಳೇ ಹೋಗಿ ನೆಲದ ಮೇಲೆ ಕೂತು ಹೇಳಿದೆ. ಅವಳು ಮಗುವಿನ ಬಟ್ಟೆ ಮಡಚುತ್ತಲೇ ಇದ್ದಳು.

"ನಿನಗೆ ಬೇಕಾದಾಗ ಇದು ಮನೆ, ಬೇಡವಾದಾಗ ಬರೀ ವಿಳಾಸ" ಎಂದಳು. "ನೀನು ಅವಳನ್ನ ನನಗೆ ಕೊಡ್ತಿದ್ದೀಯ ಅಂದ್ಕೊಂಡಿದ್ದೆ. ಕೇಳೋಕೆ ನಾಚಿಕೆ ಆಯ್ತು, ಅದಕ್ಕೆ ಕೇಳಲಿಲ್ಲ."

"ನನಗೂ ಹೇಳೋಕೆ ನಾಚಿಕೆ ಆಯ್ತು ಅಕ್ಕಾ."

"ನಿನ್ನ ನಾಚಿಕೆಗೆ ನನ್ನ ಮನೇಲಿ ಮಂಚ ಹಾಕ್ಸಿದ್ಯಲ್ಲೇ" ಎಂದಳು. ಬಟ್ಟೆಯ ಗಂಟು ಕೈಗೆ ಕೊಟ್ಟಳು. ದಿಂಬು ಕೊಡಲಿಲ್ಲ. ಅಂದಿನಿಂದ ಅವಳು ನಮ್ಮ ಚರ್ಚಿಗೆ ಬಂದಿಲ್ಲ. ಅಮ್ಮ, ಅವಳಿಗೆ ನೀನು ಬರೆ. ನನ್ನ ಪರವಾಗಿ ಏನೂ ಬರೆಯಬೇಡ. ಸುಮ್ಮನೆ ಬರೆ.

ಮಾಸಿನಾ ಮೊದಲ ದಿನಗಳಲ್ಲಿ ಅತ್ತಳು. ಪಿಯಾನೋ ಎಲ್ಲಿ ಎಂದು ಕೇಳಿದಳು. ಇಲ್ಲಿನ ಶಾಲೆಯಲ್ಲಿ ಪಿಯಾನೋ ಇಲ್ಲ. ಅವಳಿಗೆ ಒಳ್ಳೆಯದು ಮಾಡಿದೆನೋ, ನನ್ನ ಮುಖ ಉಳಿಸಿಕೊಳ್ಳಲು ಅವಳ ಕೈಯಿಂದ ಅದನ್ನು ಕಿತ್ತುಕೊಂಡೆನೋ, ಯೋಚಿಸಿದಷ್ಟೂ ತಿಳಿಯುವುದಿಲ್ಲ.

ಆದರೆ ನಿನಗೆ ಹೇಳಬೇಕೆಂದಿರುವುದು ಇದಲ್ಲ.

ವಾಸಾಳ ತರಗತಿಗೆ ಅವಳನ್ನು ಕರೆದುಕೊಂಡು ಹೋದೆ. ತೊಳೆದು ಒರೆಸಿದ ತಟ್ಟೆಯೂ ಕೈಯಲ್ಲಿತ್ತು. ಹೊಸದಾಗಿ ಬಂದ ಮಕ್ಕಳು ತಮ್ಮ ಮನೆಯ ಚಿತ್ರ ಬರೆದು, ಅದು ಎಲ್ಲಿದೆ ಎಂದು ಉಳಿದವರಿಗೆ ಹೇಳಬೇಕು. ಅವಳ ತರಗತಿಯಲ್ಲಿ ಎಲ್ಲರೂ ಹಾಗೆ ಶುರುಮಾಡುವುದಂತೆ. ಮಾಸಿನಾ ಬರೆದಳು. ವಾಸಾ ಕೇಳಿದಳು, "ಎಲ್ಲಿದೆ ಮಾಸಿನಾ ನಿಮ್ಮನೆ?"

ಮಗು ತಿರುಗಿ ನನ್ನ ಮುಖ ನೋಡಿತು.

ಈಗ ಅವಳು ಎಲ್ಲದಕ್ಕೂ ಹಾಗೇ ಮಾಡುತ್ತಾಳೆ ಅಮ್ಮ. ಊಟ ಆಯ್ತಾ ಎಂದು ಯಾರಾದರೂ ಕೇಳಿದರೂ ಮೊದಲು ನನ್ನ ಕಡೆ ನೋಡುತ್ತಾಳೆ, ಇವರಿಗೆ ಯಾವ ಉತ್ತರ ಕೊಡಬೇಕು ಎಂದು. ಚಾಪೆಗಳ ಮೇಲೆ ಕೂತ ಮಕ್ಕಳು ಕಾಯುತ್ತಿದ್ದರು. ವಾಸಾಳಿಗೆ ಮನೆ ಗೊತ್ತು, ಆ ಮಕ್ಕಳಲ್ಲಿ ಅರ್ಧ ಜನಕ್ಕೆ ಗೊತ್ತು. ಮಾಸಿನಾ ನನ್ನ ಬೆರಳುಗಳನ್ನು ನೋಡುತ್ತಿದ್ದಳು.

ನಾನು ಗೋಡೆಯ ಕಡೆ ತಿರುಗಿ ನಿಂತೆ. ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡೆ, ಬೆರಳು ಅಲುಗದ ಹಾಗೆ. ಗೋಡೆಯ ಮೇಲೆ ಬೇರೆ ಮಕ್ಕಳ ಮನೆಗಳಿದ್ದವು, ಎಲ್ಲವಕ್ಕೂ ದೊಡ್ಡ ದೊಡ್ಡ ಬಾಗಿಲು. ವಾಸಾ ಈ ಸಲ ಹೇಳಿಕೊಡಲಿಲ್ಲ.

ಆಮೇಲೆ ನನ್ನ ಬೆನ್ನ ಹಿಂದಿನಿಂದ, ಯಾವ ರಾಗವೂ ಇಲ್ಲದೆ ಕೇಳಿಸಿತು: "ಚರ್ಚಿನ ಎದುರು. ನೀಲಿ ಬೇಲಿ. ನಾಯಿ ಇದೆ, ಕಚ್ಚಲ್ಲ."

ನಿನ್ನ ಮಗಳು,
ಲೇಯಾತಾ